ದುಧನಿಯೊಳಗೊಂದು ಸೀಟಿ

ಗಾಜಿಗೆ ರೇಟಿಲ್ಲ, ತಾಮ್ರಕ್ಕ ಅದ, ಅಂದ ಲಾಡ್ಲೇಸಾಬ.
ಕೈಯಾಗ ಸುತ್ತಿಗಿ.
ಪಿಕ್ಚರ್ ಟ್ಯೂಬಿನ ಕುತ್ತಿಗಿಗೆ ಸುತ್ತಿದ ತಂತಿ
ಒಂದ ಪೆಟ್ಟಿಗೆ ಬಿಚ್ಚಿ ಬರತದ,
ಉಳಿದದ್ದು ತಿಪ್ಪಿಗೆ.
ತಡಿಯಪಾ, ಅಂದೆ.
ಯಾಕ ಅಂದೆನೋ. ನಾ ಬಂದಿದ್ದು
ಫ್ಯಾನಿನ ಮೋಟರ್ ಹುಡುಕಿಕೊಂಡು.

ನಾಕು ಕಾಲು, ಎರಡು ಕದ, ಕದಕ್ಕೊಂದು ಚಿಲಕ.
ಬೆನ್ನಿಗೆ ಬಿಳೀ ಬಣ್ಣದಾಗ: ಗ್ರಾ. ಪಂ. ೩.
ಒಳಗ ಕೋಳಿ.
ಎರಡು ತತ್ತಿ ಇಟ್ಟು ಮೂರನೇದಕ್ಕ ಕೂತಿತ್ತು.
ನನ್ನ ನೋಡಿದ್ದು ಥೇಟ್ ಕಾರಕೂನನಂಗ:
ಇವತ್ತ ಟೀವಿ ಇಲ್ಲ, ನಡೀರಿ.

ಈ ಪೆಟ್ಟಿಗಿ ನನಗ ಗೊತ್ತದ.
ಚಾವಡಿ ಕಿಟಕಿ ಸರಳಿಗೆ ಗಲ್ಲ ಹಚ್ಚಿ ನಿಂತು ನೋಡೀನಿ.
ಸುದ್ದಿ ಮರಾಠಿಯೊಳಗ ಬರ್ತಿತ್ತು,
ಅದರ ಮ್ಯಾಲಿನ ಜಗಳ ಕನ್ನಡದಾಗ.
ಐತವಾರ ಮಧ್ಯಾಹ್ನ ಒಂದೊಂದು ಭಾಷಾದ ಸಿನಿಮಾ, ಪಾಳಿ ಪ್ರಕಾರ.
ಅಸ್ಸಾಮಿ ನೋಡಿದಿವಿ, ಒಡಿಯಾ ನೋಡಿದಿವಿ,
ಬಂಗಾಳಿ ಮಂದಿ ಯಾಕ ಅಷ್ಟು ಸಾವಕಾಶ ಅಳತಾರಂತ ನೋಡಿದಿವಿ.
ಕನ್ನಡದ ಪಾಳಿ ಬಂದ ದಿನ
ಕೀಲಿ ಕಿಸೆದಾಗ ಹಾಕ್ಕೊಂಡು ಕಾರಕೂನ
ಅಕ್ಕಲಕೋಟಿಗೆ ಬೀಗರ ಮನಿಗೆ ಹೋಗಿದ್ದ.

ಕಿಲೋ ಲೆಕ್ಕದಾಗ ತೂಗಿ ಕೊಟ್ಟ. ಮುನ್ನೂರಾ ಹತ್ತು.
ಕೋಳಿಗೆ ಹೊಸಾ ಎಲ್‌ಇಡಿ ಟೀವಿಯ ಖಾಲಿ ರಟ್ಟಿನ ಡಬ್ಬಿ ಇಟ್ಟೆ.
ಅದು ಒಪ್ಪಲಿಲ್ಲ.

ಸೊಲ್ಲಾಪುರದಾಗ ನನಗ ಕೆಲಸ ಕಲಿಸಿದ ನಾಗಯ್ಯ ಮಾಸ್ತರ
ತೆಲುಗಿನಾಗ ಬೈತಿದ್ದ, ಕನ್ನಡದಾಗ ಹೇಳಿಕೊಡ್ತಿದ್ದ:
ಒಂದ ಕೈ ಯಾವಾಗಲೂ ಕಿಸೆದಾಗಿರಲಿ,
ಎರಡೂ ಕೈ ಹಾಕಿದವನ ಎದಿಯೊಳಗ ದಾರಿ ಮಾಡ್ಕೊತದ ಕರೆಂಟು.
ಮೂವತ್ತು ವರ್ಷ ಸುಮ್ಮನಿದ್ದ ಟ್ಯೂಬಿನಾಗ ಏನೂ ಉಳಿದಿರೂದಿಲ್ಲ.
ಆದರೂ ಎಡಗೈ ಕಿಸೆದಾಗಿಟ್ಟು
ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ ಮುಟ್ಟಿಸಿದೆ.
ಕಿಡಿ ಬರಲಿಲ್ಲ.
ಸ್ವಲ್ಪ ಬ್ಯಾಸರಾತು.

ಹದಿನಾಲ್ಕು ಕೆಪ್ಯಾಸಿಟರ್ ಒಣಗಿದ್ದವು, ಹಿಂಡಿ ಬಿಟ್ಟ ನಿಂಬಿಹಣ್ಣಿನಂಗ.
ವೈರು ಇಲಿ ತಿಂದಿತ್ತು, ಕೆಂಪಂದಷ್ಟ ಆರಿಸಿ.
ಚಾನೆಲ್ ತಿರುವೂ ಡ್ರಮ್ಮಿನ ಕಪ್ಪಗಾದ ಹಲ್ಲಿಗೆ ಪೆನ್ಸಿಲಿನ ರಬ್ಬರು,
ಕೋಳಿ ಹಿಕ್ಕಿಗೆ ನನ್ನ ಹಳೇ ಟೂತ್‌ಬ್ರಶ್ಶು.
ಲಾಡ್ಲೇಸಾಬನ ಮೊಮ್ಮಗಳು ಮುಬೀನಾ
ತತ್ತಿ ಲೆಕ್ಕ ಕೇಳಲಾಕ ಬಂದಾಕಿ
ಬ್ಯಾಟರಿ ಹಿಡಕೊಂಡು ಅಲ್ಲೇ ನಿಂತಳು, ದಿನಾ ಸಂಜೀಕ.

ಹನ್ನೊಂದನೇ ದಿನ ನೂರು ವ್ಯಾಟಿನ ಬಲ್ಬು ನಡುವ ಕಟ್ಟಿ ಸ್ವಿಚ್ ಹಾಕಿದೆ.
ಬಲ್ಬು ಭಗ್ಗಂತು, ಸಣ್ಣಗಾತು. ಛಲೋ ಲಕ್ಷಣ.
ಕುತ್ತಿಗಿಯೊಳಗ ಕೆಂಪನ ಎಳಿ.
ಮುಂದಿನದು ಕಣ್ಣಿನ ಕೆಲಸಲ್ಲ, ಕಿವಿದು.
ಲೈನು ಏಳೂವಾಗ ಒಂದು ಸೀಟಿ ಬರತದ, ಸೂಜಿಯಷ್ಟು ಸಣ್ಣದು.
ಹರೇದಾಗ ರಸ್ತಾದಾಗ ಹೋಗ್ತಾ ಹೇಳ್ತಿದ್ದೆ
ಯಾರ ಮನಿ ಟೀವಿ ಬದುಕ್ಯದ, ಯಾರದು ಇಲ್ಲ.

ಕೇಳಿದೆ.
ಏನಿಲ್ಲ.
ಉಸಿರು ಹಿಡಿದು ಕೇಳಿದೆ. ಲಾರಿ, ದಾಲ್ ಮಿಲ್ಲು, ನನ್ನ ಮೂಗು.
ಹೋತಿದು, ಅಂತ ಸ್ವಿಚ್ಚಿಗೆ ಕೈ ಚಾಚಿದೆ.

ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿತ್ತು.
ಗುರುಲಿಂಗ ಕಾಕಾ, ಏನದು ಚೀಂ ಅಂತದ?

ಆರಿಸಿದೆ. ಕೈ ಇಳಿಸಿದಳು.
ಹಚ್ಚಿದೆ. ಮುಚ್ಚಿಕೊಂಡಳು.
ಮತ್ತ ಆರಿಸಿದೆ, ಮತ್ತ ಹಚ್ಚಿದೆ.
ಬಿಟ್ಟುಬಿಡು ಕಾಕಾ, ಅಂದಳು.
ನನ್ನ ಕಿವಿಯಿಂದ ಯಾವ ವರ್ಷ ಎದ್ದು ಹೋತೋ ಆ ಸೀಟಿ,
ನನಗ ಹೇಳದ.

ಆಮ್ಯಾಲ ಬೆಳಕು ಬಂತು. ಒಂದು ಅಡ್ಡಗೆರಿ, ಅದು ಬಿಚ್ಚಿ ಪೂರಾ ಪರದೆ.
ಬರೇ ಇರುವಿ.
ಗಾಳಿಯೊಳಗ ಇದಕ್ಕ ತಿಳಿಯೂವಂಥಾದ್ದು ಈಗ ಯಾರೂ ಬಿಡೂದಿಲ್ಲ,
ಡಬ್ಬಿ ಜೋಡಿಸಬೇಕು, ನಾಳಿ ನೋಡೂಣು, ಅಂದೆ.
ಮುಬೀನಾ ಇರುವಿ ನೋಡಿದಳು ಒಂದಿಷ್ಟೊತ್ತು,
ಎರಡು ತತ್ತಿ ಲಂಗದಾಗ ಕಟ್ಟಿಕೊಂಡು ಹೊಂಟಳು.

ಹಿಟ್ಟಿನ ಗಿರಣಿ ದಾಟಿದಳು. ನಳದ ಕಟ್ಟಿ ದಾಟಿದಳು.
ಓಣಿ ತುದಿಗೆ ನಿಂತು, ತಿರುಗಿ ಕೂಗಿದಳು:
ಕಾಕಾ, ಇನ್ನಾ ಕೇಳಸ್ಲಕತ್ತದ!