ಒಣಗುವ ತನಕ

ಸುರುಲೆರೆಯ ಕ್ರೀಡಾಂಗಣದ ಮೆಟ್ಟಿಲ ಕೆಳಗೆ ನನ್ನ ಅಂಗಡಿ:
ಒಂದು ಸ್ಟೂಲು, ಒಂದು ಹಲಗೆ,
ಮೇಲೆ ಯಾರಾದರೂ ಓಡಿದರೆ ಉದುರುವ ಸುಣ್ಣ.
ಬೋರ್ಡಿಲ್ಲ. ಸಿಕಿರು ಎಲ್ಲಿ ಅಂತ ಕೇಳಿದರೆ
ವಾಸನೆ ಹಿಡಿದು ಹೋಗಿ ಅನ್ನುತ್ತಾರೆ.

ಅಬೊಸೆಡೆ ಬಂದಳು.
ವಾರದ ಜೊತೆ ಹುಟ್ಟಿ ಬಂದವಳು ಅಂತ ಹೆಸರಿನ ಅರ್ಥ;
ಬರುವುದೂ ಹಾಗೇ, ಭಾನುವಾರ, ಓಡುತ್ತಾ.
ಹಳೇ ಪೇಪರಿನಲ್ಲಿ ಸುತ್ತಿದ ಒಂದು ಕೆಂಪು ರಬ್ಬರು.
ಹೊಸದಲ್ಲ. ಹೊಸದು ಅನ್ನುವುದು
ಇಲ್ಲಿ ಕೇಳಿದ ಸುದ್ದಿ ಮಾತ್ರ.
ಜರ್ಮನಿಯಲ್ಲೋ ಎಲ್ಲೋ ಒಬ್ಬ ತಿಂಗಳು ಆಡಿ ಬಿಸಾಡಿದ್ದು
ಯಾರದೋ ಸೂಟ್‌ಕೇಸಿನಲ್ಲಿ ಸಮುದ್ರ ದಾಟಿ
ಮೂರು ಕೈ ಬದಲಾಗಿ
ಅವಳಮ್ಮನ ಎಷ್ಟೋ ಬುಟ್ಟಿ ಟೊಮೆಟೊ ನುಂಗಿ
ನನ್ನ ಹಲಗೆಗೆ ಬಂದು ಮಲಗಿದೆ.

"ಬಾಬಾ, ಬೇಗ. ನಾಲ್ಕಕ್ಕೆ ಮ್ಯಾಚು."
ಬೇಗ ಅನ್ನುವ ಮಾತು ಈ ಡಬ್ಬಿಗೆ ತಿಳಿಯದು, ಮಗಳೇ.

ಮೊದಲು ಹಳೆಯದನ್ನು ಕೀಳಬೇಕು,
ಹಿಡಿಯ ಹತ್ತಿರದ ಮೂಲೆಯಿಂದ, ಓರೆಯಾಗಿ,
ನಿದ್ದೆಹೋದ ಮಗುವಿನ ಅಂಗಿ ಬಿಚ್ಚುವ ಹಾಗೆ.
ಎಳೆದರೆ ಮರದ ಎಳೆಯೂ ಜೊತೆಗೆ ಹೊರಟುಬಿಡುತ್ತದೆ.
ಈ ಬ್ಯಾಟನ್ನು ಏಳು ಸಲ ಬಿಚ್ಚಿದ್ದೇನೆ.
ಆರು ಸಲ ಸರಿಯಾಗಿ.
ಒಂದು ಸಲ, ಅವತ್ತು ನನಗೊಂದು ಫೋನು ಬಂದಿತ್ತು,
ಅದರ ಕಥೆ ಬೇಡ,
ಹೆಬ್ಬೆರಳಿನಗಲ ಮರ ಸೀಳಿ ಬಂತು.
ಆ ತಗ್ಗು ಇನ್ನೂ ಇದೆ, ಎಡಗಡೆ, ಅಂಚಿಗೆ.
ಅವಳಿಗೆ ಹೇಳಿರಲಿಲ್ಲ.
ರಬ್ಬರು ಮುಚ್ಚಿ ಕೊಟ್ಟಿದ್ದೆ, ದುಡ್ಡೂ ಇಸಕೊಂಡಿದ್ದೆ.

ಸೈಕಲ್ ಪಂಕ್ಚರಿನ ಸೊಲ್ಯೂಷನ್ನೇ ಬಳಸುವುದು.
ಫೋಮಿನ ತುಂಡಿನಿಂದ ಮರಕ್ಕೊಂದು ಕೈ, ರಬ್ಬರಿಗೊಂದು ಕೈ,
ಒಂದೇ ದಿಕ್ಕಿಗೆ, ಹಿಂದೆ ಮುಂದೆ ತಿಕ್ಕದೆ.
ಆಮೇಲೆ ಎರಡನ್ನೂ ಬೇರೆ ಬೇರೆ ಕೂರಿಸಬೇಕು
ಜಗಳವಾಡಿದ ಅಕ್ಕತಂಗಿಯರ ಹಾಗೆ.
ಹರ್ಮಾಟನ್ ಬೀಸುವ ಕಾಲ;
ಮರುಭೂಮಿಯ ಒಂದು ಕಣ ಒಳಗೆ ಸಿಕ್ಕಿಕೊಂಡರೂ
ಚೆಂಡು ಅದನ್ನು ಹುಡುಕಿ ಹುಡುಕಿ ಎಡವುತ್ತದೆ.
ಎರಡರ ಮೇಲೂ ಬೇಸಿನ್ ಬೋರಲು ಹಾಕಿದೆ.

ಒಣಗಿತೇ ಅಂತ ನೋಡುವುದು ಕಣ್ಣಲ್ಲಿ ಅಲ್ಲ,
ಬೆರಳಿನ ಬೆನ್ನಲ್ಲಿ.
ಬೆರಳಿಗೆ ಅಂಟಿದರೆ ಮರಕ್ಕೆ ಅಂಟದು.
ಬೆರಳನ್ನು ಬಿಟ್ಟರೆ ಇನ್ನು ಯಾರನ್ನೂ ಬಿಡದು.

ಕಾಯುವಾಗ ಬಾಯಿ ತಪ್ಪಿ ಹೇಳಿದೆ:
ಇಲ್ಲೊಂದು ತಗ್ಗಿದೆ, ನನ್ನದೇ ತಪ್ಪು,
ಮರದ ಪುಡಿ ಕಲಸಿ ತುಂಬಿಬಿಡಲೇ?

ಬೇಡ ಬಾಬಾ, ಅಂತ ಎದ್ದೇ ನಿಂತಳು.
"ಅಲ್ಲಿ ಚೆಂಡು ಸಾಯುತ್ತೆ.
ಅವರು ಹಿಂದೆ ನಿಂತು ಹೊಡೆತಕ್ಕೆ ಕಾಯ್ತಿರ್ತಾರೆ,
ಇದು ನೆಟ್ ದಾಟಿ ಅಲ್ಲೇ ಕೂತುಬಿಡುತ್ತೆ.
ಇಬಾದಾನಿನವಳನ್ನು ನಾನು ಮತ್ತೆ ಹ್ಯಾಗೆ ಸೋಲಿಸಿದೆ ಅಂದ್ಕೊಂಡ್ರಿ?"

ನಾನೇನೂ ಅನ್ನಲಿಲ್ಲ.
ಕೆಳಗಿನಂಚಿನಿಂದ ಹಾಳೆ ಇಟ್ಟು
ಗಾಜಿನ ಸೀಸೆ ಉರುಳಿಸುತ್ತಾ ಹೋದೆ,
ಆ ಜಾಗ ಬಂದಾಗ ಸ್ವಲ್ಪ ಹಗುರಾಗಿ.
ಬ್ಲೇಡು ಹಿಡಿದು ಸುತ್ತ ಕತ್ತರಿಸಿದೆ,
ನೆಲಕ್ಕೆ ಬಿತ್ತು ಕೆಂಪನೆಯ ಬಾಲಚಂದ್ರ.
ಅವಳು ಮೂಸಿ ನೋಡಿ, ಓಡಿದಳು.

ನಾಲ್ಕು ಹೊಡೆಯಿತು. ಕರೆಂಟು ಹೋಗಿ ಜನರೇಟರು ಗುಡುಗಿತು.
ಅದರ ನಡುವೆಯೂ ಮೇಲಿನಿಂದ ಟಕ್, ಟಕ್, ಟಕ್.
ಯಾರೋ ಬಂದು ಕಿತ್ತ ಚಪ್ಪಲಿ ಚಾಚಿದ.
ಚಪ್ಪಲಿ ಅಂಟಿಸಲ್ಲ, ಹೋಗಯ್ಯಾ, ಅಂದೆ.
ಟಕ್, ಟಕ್, ಟಕ್,
ಟಪ್.
ಆಮೇಲೆ ಒಂದು ಕೂಗು.

ಕೊಡು ಇಲ್ಲಿ, ಅಂದೆ. ಇನ್ನೊಂದು ಕಾಲಿಂದೂ ಕೊಡು.