ಕರೆಂಟಿನ ಶ್ರುತಿ

ಉದಗೀರ್ ರಸ್ತೆಯ ನಮ್ಮ ಅಂಗಡಿ ಬೋರ್ಡಿನ ಮ್ಯಾಲ
ಇನ್ನೂ ಅಪ್ಪನ ಹೆಸರೇ ಅದ:
ಮೋಟರ್, ಮಿಕ್ಸರ್, ಸೀಲಿಂಗ್ ಫ್ಯಾನ್ ರಿವೈಂಡಿಂಗ್.
ಗಿಟಾರ್ ಅಂತ ಎಲ್ಲೂ ಬರ್ದಿಲ್ಲ.
ಆದ್ರೂ ಬರ್ತಾವ ಅವು, ರೆಕ್ಸಿನ್ ಚೀಲದಾಗ,
ಬೀದರದಾಗ ಕೂದಲೆಳಿಯಂಥಾ ತಾಮ್ರದ ತಂತಿಗೆ
ಹೆದರದ ಕೈ ಇದೊಂದೇ ಅಂತ.

ಮೊನ್ನೆ ಟೇಬಲ್ ಮ್ಯಾಲ ಎರಡು.

ಖಮರಂದು ಎರಡು ಕೊಂಬಿಂದು, ಎಳೆ ಹೋರಿಯಂಗ.
ತೆಳು ಮೈ, ಪಕ್ಕಿಗೆ ಒತ್ತದಂಗ ಕೆತ್ತಿದ ಬೆನ್ನು,
ಬಿರಡಿ ಆರೂ ಒಂದೇ ಸಾಲಿನಾಗ.
ನಾಕು ಸ್ಕ್ರೂ ಬಿಚ್ಚಿದ್ರ ಕೊರಳೇ ಕೈಗೆ ಬರ್ತದ.
ರೂಬೆನ್ನದು ಒಂದೇ ಕಡೆ ಕಚ್ಚಿಟ್ಟ ದಪ್ಪ ರೊಟ್ಟಿ,
ಎತ್ತಿದ್ರ ಕ್ವಾರಿಯಿಂದ ಕೆಂಪು ಕಲ್ಲು ಎತ್ತಿದಂಗ.
ಬಿರಡಿ ಆ ಕಡೆ ಮೂರು, ಈ ಕಡೆ ಮೂರು,
ಕೊರಳು ಬರೇ ಅಂಟಿನ ಮ್ಯಾಲ.
ಮೆಟ್ಟಿಲ ನಡುವೆ ಸಿಂಪಿನ ತುಂಡು ಕೂಡ್ಸ್ಯಾರ.
ಬಿದ್ರಿ ಕೆಲ್ಸಕ್ಕ ಹೋಲಿಸಬ್ಯಾಡ್ರಿ,
ಈ ಊರಾಗ ಹೊಳೆಯೋದೆಲ್ಲಾ ಬಿದ್ರಿ ಅಲ್ಲ.

ಹನ್ನೊಂದು ವರ್ಷ ಆತು ಇವರ ಜಗಳಕ್ಕ.
ಖಮರ್ ಮದಿವಿ ಆರ್ಕೆಸ್ಟ್ರಾದವ. ಅಂತಾನ:
"ನಂದು ಒಂದೊಂದು ಅಕ್ಷರ ಬಿಡಿಸಿ ಹೇಳ್ತದ,
ನಿಂದು ಬಾಯಾಗ ಪಾನ್ ಇಟ್ಕೊಂಡು ಮಾತಾಡ್ತದ."
ರೂಬೆನ್ ಮಂಗಲಪೇಟಿ ಚರ್ಚಿನವ, ಸಾವಕಾಶ ಮನಷ್ಯಾ:
"ನಿಂದು ಹಲ್ಲಿಗೆ ಹತ್ತೋ ಹುಣಸಿಕಾಯಿ.
ನಾ ಒಂದು ತಂತಿ ಮೀಟಿ ಚಾ ಕುಡ್ದು ಬರ್ತೀನಿ,
ಧ್ವನಿ ಇನ್ನೂ ಅಲ್ಲೇ ಕುಂತಿರ್ತದ."

ನನ್ನ ಕೇಳಿದ್ರ? ಯಾರೂ ಕೇಳ್ಲಿಲ್ಲ.
ನಾ ಒಳಗ ಏನದ ನೋಡಾಕಿ.
ಖಮರನ ಸುರುಳಿ ಒಂಟಿ. ಏಳು ಸಾವಿರದ ಆರುನೂರು ಸುತ್ತು.
ಟ್ಯೂಬ್‌ಲೈಟು, ಜನರೇಟರು, ಪಕ್ಕದ ಹಿಟ್ಟಿನ ಗಿರಣಿ,
ಯಾರು ಕರೆದರೂ ಹೂಂ ಅಂತದ.
ರೂಬೆನ್ನದರಾಗ ಜೋಡಿ ಸುರುಳಿ,
ಒಂದು ಬಲಕ್ಕ ಸುತ್ತಿದ್ರ ಇನ್ನೊಂದು ಎಡಕ್ಕ.
ಒಂದು ಗೊಣಗಿದ್ದನ್ನ ಇನ್ನೊಂದು ತಿರುವಿ ಗೊಣಗಿ
ಎರಡೂ ಸುಮ್ಮನಾಗ್ತಾವ.
ಅವ್ವ ಅಪ್ಪ ಮೂವತ್ತು ವರ್ಷ ಹಂಗೇ ಬಾಳಿದ್ರು.
ಮನ್ಯಾಗ ಗದ್ದಲ ಇರ್ಲಿಲ್ಲ, ಖರೆ.
ಏನೇನು ಕೇಳಿಸ್ದೇ ಹೋತೋ ಗೊತ್ತಿಲ್ಲ.

ಹೋದ ಶುಕ್ರವಾರ ಚಿದ್ರಿ ಕಡೆ ಶಾದಿಖಾನಾದಾಗ
ಅರ್ಥಿಂಗ್ ಇಲ್ಲದ ಬೋರ್ಡು.
ಖಮರನ ಗಿಟಾರು ಗುಂಯ್ ಅಂದು ಅಂದು
ಹುಡುಗಿ ಕಡೆಯವರೇ ಅಂದ್ರಂತ,
"ಆ ಜೇನುಗೂಡು ಬಂದ್ ಮಾಡ್ರಿ ಭಾಯ್."
ರೂಬೆನ್ ಸ್ಕೂಟಿ ಮ್ಯಾಲ ತನ್ನದು ತಂದ್ಕೊಟ್ಟ,
ಒಂದು ಮಾತೂ ಆಡದೇ.
ರಾತ್ರಿ ಒಂದರ ಸುಮಾರಿಗೆ
ಬಿರ್ಯಾನಿ ದೇಗು ಹೊತ್ತ ಹುಡುಗನ ಮೊಣಕೈ ತಾಗಿ
ಸ್ಟ್ಯಾಂಡಿನಿಂದ ಡಬ್ಬ ಬಿತ್ತು.
ಅಷ್ಟು ದಪ್ಪ ಮೈಗೆ ಒಂದು ಗೀರಿಲ್ಲ.
ಮುರಿದದ್ದು ಕೊರಳು, ತಲಿ ಹಿಂದಕ್ಕ ಬಾಗಿದ ಜಾಗದಾಗ.
ತಂತಿ ಬಿಟ್ಟಿರ್ಲಿಲ್ಲ, ತಲಿ ಜೋತಾಡ್ಲತ್ತಿತ್ತು.

ಸ್ಕ್ರೂದ್ದಾಗಿದ್ರ ಇನ್ನೊಂದು ಕೊರಳು ತಂದು ಹಚ್ತಿದ್ದೆ.
ಇದಕ್ಕ ಗೋಂದು, ಕ್ಲ್ಯಾಂಪು, ಎರಡು ದಿನ ಮುಟ್ಟಬಾರ್ದು.
ಖಮರ್ ತನ್ನದನ್ನೂ ಟೇಬಲ್ ಮ್ಯಾಲಿಟ್ಟ,
"ಐತಾರಕ್ಕ ಇದು ಅವಗ ಕೊಡ್ರಿ" ಅಂದ,
ನನ್ನ ಮುಖ ನೋಡದೇ.

ಐತಾರ ನಾ ಚರ್ಚಿನ ಗೇಟಿನ ಹೊರಗ ನಿಂತಿದ್ದೆ.
ಹಾಡು ಮುಗದು ಪ್ರಾರ್ಥನಾ ಶುರುವಾದ್ರೂ
ಅದೊಂದು ನಿಲ್ಲಲಿಲ್ಲ. ಗುಂಯ್,
ಸಣ್ಣಗ, ಎಲ್ಲರ ತಗ್ಗಿಸಿದ ತಲಿ ಮ್ಯಾಲ.
ಮುಂಜಾನಿಂದ ಸಂಜಿತನ ನನ್ನ ಅಂಗಡಿ ಹಿಡಿಯೋದು ಅದೇ ಸ್ವರ.
ರಿಪೇರಿ ಆದ ಮೋಟರಿಗೆ ಕಿವಿ ಹಚ್ಚಿ
ಅಪ್ಪ ಕಣ್ಣು ಮುಚ್ಚತಿದ್ದನಲ್ಲ, ಅದೇ.
ಮ್ಯಾಲ ತರಬೇತಿ ವಿಮಾನ ಒಂದು ಹಾದು ಹೋತು.
ವಿಮಾನಕ್ಕ ಸುರುಳಿ ಹೂಂ ಅನ್ನಲ್ಲ, ಗೊತ್ತದ ನನಗ.
ಆದ್ರೂ ಕೇಳಿಸ್ಕೊಂಡೆ.

ಇವತ್ತು ಕ್ಲ್ಯಾಂಪು ಬಿಚ್ಚಿದೆ. ಗೆರಿ ಕಾಣ್ತದ.
ಪಾಲಿಶ್ ಹಾಕಲ್ಲ ಅಂದೀನಿ.
ಇಬ್ಬರೂ ಬಂದಾರ.
"ನಿಂದರ ಮೆಟ್ಟಿಲು ದೂರ ದೂರ, ಬೆರಳು ಕೆಟ್ಟವು ನಂದು."
"ನಿಂದು ಹೊತ್ತು ಹೆಗಲು ಹೋತು, ಅದನ್ನೂ ಬಿಲ್ಲಿಗೆ ಸೇರಿಸ್ರಿ."
ಗಿರಣಿ ಶುರುವಾತು, ಟೇಬಲ್ ನಡುಗಿತು.
ನಾ ಬರೀಲತ್ತೀನಿ:
ಗೋಂದು ನೂರಾ ಇಪ್ಪತ್ತು. ಕೂಲಿ ನಾನೂರು.
ಖಮರನ ಗಿಟಾರಿಗೆ ಅರ್ಥಿಂಗ್ ವೈರು ಹಚ್ಚಿ
ಗುಂಯ್ ಬಂದ್ ಮಾಡಿದ್ದಕ್ಕ...
ಅದೊಂದು ಸಾಲು ಬರೆದು
ಹೊಡ್ದು ಹಾಕಿದೆ. ಹಚ್ಚಿಲ್ಲ ನಾ.