ಮೂರು ಮಿನಿಟು

ಮೂರು ಮಿನಿಟು ಓಡತದ, ನಿಂದರತದ.
ಮತ್ತ ಮೂರು ಮಿನಿಟು. ಮತ್ತ ನಿಂದರತದ.

ಎಪ್ಪತ್ತನಾಕರ ಝೆಟರ್. ಅದರ ಎದಿ ತಗದು
ಮಿರಜದ ಗುಜರಿಯಿಂದ ತಂದ ಬ್ಯಾರೇ ಎದಿ ಇಟ್ಟೀನಿ.
ಬೋಲ್ಟಿಗೆ ಬೋಲ್ಟು ಕೂಡಲಿಲ್ಲ,
ರಬಕವಿ ಲೇತಿನ್ಯಾಗ ಎರಡು ದಿನ ಕುಂತು
ನಡುವೊಂದು ತಗಡು ಕೊರಸಿದೆ.
ಶಾಫ್ಟಿಗೆ ಹತ್ತು ಹಲ್ಲು, ಕ್ಲಚ್ ಪ್ಲೇಟಿಗೆ ಹದಿಮೂರು:
ಅದನ್ನೂ ಮಾತಾಡಿ ಒಪ್ಪಿಸಿದೆ.

ಈಗ ಮೂರು ಮಿನಿಟು.

ಗಾಳಿ ಹಿಡದದ ಅಂತ ನಟ್ಟು ಸಡಲಿಸಿದೆ,
ನೊರಿ ಹೋಗಿ ತಿಳಿ ಡೀಸೆಲ್ ಬರೂತನಕ.
ಫಿಲ್ಟರ್ ಹೊಸಾದು.
ಪಂಪು ಜಮಖಂಡಿಗೆ ಹೋಗಿಬಂತು.
ಮೋದೀನ ಗಡಿಯಾರ ಹಿಡದು ಎಣಿಸತಾನ,
ಸುಳ್ಳು ಹೇಳಂಗಿಲ್ಲ ಹುಡುಗ: 'ಮೂರೇ, ಮಾಮಾ.'

ಮಹಾಲಿಂಗಪುರದ ಬೆಲ್ಲದ ಪ್ಯಾಟಿ ಹಿಂದ
ನನ್ನ ಗ್ಯಾರೇಜಿನ ಬೇವಿನ ಬುಡಕ
ಗುರಬಸವ್ವ ಢಪಳಾಪೂರ ಕುಂತಾಳ, ನಿನ್ನಿಯಿಂದ.
ಬೈಯಂಗಿಲ್ಲ. ಅದೇ ತ್ರಾಸು.
'ಹಳೇ ಇಂಜಿನ್ನೂ ಕಡೀಕ ಹಿಂಗ ಮಾಡತಿತ್ತು' ಅಂದಳು,
ಮಜ್ಜಿಗಿ ಸುರುವುತ.

ಪಾನಾ ಕೆಳಗಿಟ್ಟೆ.
ಹಿಂಗ ಅಂದರ ಹೆಂಗ?

'ಹಿಂಗ. ಮುಚ್ಚಳ ತಗದರ ಮತ್ತ ಚಾಲೂ ಆಗತಿತ್ತು.'

ಡೀಸೆಲ್ ಟಾಕಿ ಮುಚ್ಚಳ. ಅದರ ನೆತ್ತಿಗೊಂದು ತೂತು,
ದಬ್ಬಣದ ಮೊನಿ ಹೋಗೂವಷ್ಟು.
ಅದರಾಗ ಕುಂಬಾರಹುಳ ಮಣ್ಣು ಮೆತ್ತಿ, ಮನಿ ಕಟ್ಟಿ,
ಯಾವ ಸುಗ್ಗಿಗೋ ಹಾರಿಹೋಗೇದ.

ತಂತಿಲೆ ಚುಚ್ಚಿದೆ.
ಉಸ್ ಅಂತ ಗಾಳಿ ಒಳಗ ಎಳಕೊಂತು ಟಾಕಿ.

ನಾಕನೇ ಮಿನಿಟು. ಐದು. ಒಂಬತ್ತು.
ಮೋದೀನ ಎಣಿಸೂದು ಬಿಟ್ಟ.

ಹಳೇ ಇಂಜಿನ್ ಮೂಲ್ಯಾಗ
ಗೋಣಿತಟ್ಟು ಹೊತಗೊಂಡು ಕುಂತಿತ್ತು.
ನಾನು ಆ ಕಡೆ ನೋಡಲಿಲ್ಲ.
ಗುರಬಸವ್ವ ನೋಡಿದಳು.